ಕರುವಿನ ಪಾಲು

ನಮ್ಮೂರಿನ ದೊಡ್ಡಿಯ ಬೀಗದ ಕೈ ಗೇಣುದ್ದ ಇತ್ತು. ದೊಡ್ಡಿ ಅಂದರೆ ಪಂಚಾಯಿತಿಯವರು ಪುಂಡು ದನಗಳನ್ನು ಕೂಡಿಹಾಕುವ ಜಾಗ. ಯಾರದೋ ಹಸು ಯಾರದೋ ರಾಗಿ ಹೊಲಕ್ಕೆ ನುಗ್ಗಿದರೆ ಹೊಲದವರು ಅದನ್ನು ಹೊಡೆದುಕೊಂಡು ಬಂದು ಇಲ್ಲಿ ಬಿಟ್ಟು ಹೋಗುತ್ತಿದ್ದರು. ದನದ ಯಜಮಾನ ದಂಡ ಕಟ್ಟಿ ರಶೀದಿ ತಂದು ತೋರಿಸಿದ ಮೇಲೆಯೇ ಅದಕ್ಕೆ ಬಿಡುಗಡೆ. ಆಳೆತ್ತರದ ಕಲ್ಲು ಗೋಡೆ, ಒಳಗೊಂದು ಹುಣಸೆ ಮರ, ನೀರಿಗೆ ಕಲ್ಲು ಬಾನಿ, ಒಂದು ಕಂಬಿ ಗೇಟು. ಹಳೇಬೀಡಿನಿಂದ ಹುಲಿಕೆರೆ ಕಡೆಗೆ ಹೋಗುವ ದಾರಿಯಲ್ಲಿದ್ದ ಆ ಪುಟ್ಟ ಊರಿನಲ್ಲಿ ನಮ್ಮಪ್ಪ ದೊಡ್ಡಿ ಕಾಯುವವನು. ಗೋಡೆಗೆ ಅಂಟಿಕೊಂಡಿದ್ದ ಒಂದೂವರೆ ಕೋಣೆಯೇ ನಮ್ಮ ಮನೆ. ದೊಡ್ಡಿ ಕಾಯುವವನನ್ನು ಯಾವ ಊರಿನಲ್ಲೂ ಯಾರೂ ಮದುವೆ ಊಟಕ್ಕೆ ಮುಂದಿನ ಸಾಲಿನಲ್ಲಿ ಕೂರಿಸುವುದಿಲ್ಲ.

ಎಪ್ಪತ್ತರ ದಶಕದ ಕೊನೆ ಅದು. ಅಪ್ಪನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಸುದ್ದಿ ಕೇಳಿ ನಾನು ಗಂಡನ ಮನೆಯಿಂದ, ಅಂದರೆ ಅರಸೀಕೆರೆಯಿಂದ, ಆರು ತಿಂಗಳ ಮಗಳನ್ನು ಎತ್ತಿಕೊಂಡು ಓಡಿಬಂದೆ. ಎಂಟು ದಿನಕ್ಕೆಂದು ಬಂದವಳು ಎರಡು ತಿಂಗಳಾದರೂ ಹೋಗಲಾಗಲಿಲ್ಲ. ಅವ್ವ ಸತ್ತು ವರ್ಷಗಳಾಗಿದ್ದವು, ನಾನೊಬ್ಬಳೇ ಮಗಳು. ಅಪ್ಪನನ್ನು ಎತ್ತಿ ಕೂರಿಸುವುದು, ಗಂಜಿ ಕುಡಿಸುವುದು, ಮೈ ಒರೆಸುವುದು ಎಲ್ಲ ನಾನೇ. ಬೀಗದ ಕೈಯೂ ನನ್ನ ಸೊಂಟಕ್ಕೆ ಬಂತು. ಹೆಸರು ಅಪ್ಪನದು, ಕೆಲಸ ನನ್ನದು. ಪಂಚಾಯಿತಿಯವರು ಪಾಪ ಅಂತ ಕಣ್ಣು ಮುಚ್ಚಿಕೊಂಡಿದ್ದರು. ಆದರೆ ಒಂದು ದನವನ್ನಾದರೂ ರಶೀದಿಯಿಲ್ಲದೆ ಬಿಟ್ಟರೆ ಕೆಲಸವೂ ಹೋಯಿತು, ಮನೆಯೂ ಹೋಯಿತು ಅಂತ ಮೊದಲೇ ಎಚ್ಚರಿಸಿದ್ದರು.

ಅಪ್ಪನ ಮಾತು ತೊದಲುತ್ತಿತ್ತು. ಆದರೂ ಮಲಗಿದಲ್ಲಿಂದಲೇ ನನಗೆ ಕೆಲಸ ಕಲಿಸುತ್ತಿದ್ದ.

"ಏಳು ದನ ಇದ್ರೆ ಎಂಟು ಗುಡ್ಡೆ ಹುಲ್ಲು ಹಾಕು," ಅಂದ ಮೊದಲ ದಿನವೇ.

"ಎಂಟ್ಯಾಕಪ್ಪ? ಇರೋ ಹುಲ್ಲೇ ಸಾಲ್ದು."

"ಜೋರಿನ ದನ ಬಂದು ಸಾಧು ದನಾನ ಓಡುಸ್ತೈತೆ. ಓಡುಸ್ಕೊಂಡಿದ್ದು ಎಲ್ಲಿಗೆ ಹೋಗ್ಬೇಕು? ಅದಕ್ಕೂ ಒಂದು ಗುಡ್ಡೆ ಕಾದಿರ್ಬೇಕು."

ನಾನು ಸುಲಭಕ್ಕೆ ನಂಬುವವಳಲ್ಲ. ಒಂದು ದಿನ ಬೇಕೆಂದೇ ಏಳಕ್ಕೆ ಏಳೇ ಗುಡ್ಡೆ ಹಾಕಿ ನೋಡಿದೆ. ಕೊಂಬಿಗೆ ಕೊಂಬು ಕೊಟ್ಟು ಗುದ್ದಾಡಿದವು, ಒಂದು ಬಡಕಲು ಎಮ್ಮೆ ಗೋಡೆಗೆ ಬೆನ್ನು ಹಚ್ಚಿ ನಿಂತೇಬಿಟ್ಟಿತು. ಮಾರನೆಯ ದಿನ ಎಂಟು ಗುಡ್ಡೆ ಹಾಕಿದೆ. ಒಂದು ಇನ್ನೊಂದನ್ನು ನೂಕಿತು, ನೂಕಿಸಿಕೊಂಡದ್ದು ಪಕ್ಕದ ಗುಡ್ಡೆಗೆ ಹೋಯಿತು, ಅಲ್ಲಿದ್ದದ್ದು ಇನ್ನೊಂದಕ್ಕೆ. ಎರಡು ಸುತ್ತಿಗೆ ಎಲ್ಲವೂ ತಲೆ ತಗ್ಗಿಸಿ ತಿನ್ನತೊಡಗಿದವು. ನನಗೆ ಅಪ್ಪನ ಮೇಲೆ ಇದ್ದಕ್ಕಿದ್ದಂತೆ ಹೆಮ್ಮೆಯಾಯಿತು. ಊರಿನಲ್ಲಿ ಯಾರಿಗೂ ಬೇಡದ ಮನುಷ್ಯ ಇಷ್ಟು ತಿಳಿದುಕೊಂಡಿದ್ದನಲ್ಲ.

ಆ ಎಂಟನೆಯ ಗುಡ್ಡೆ ನನಗೇ ಬೇಕಾದ ದಿನ ಮಾತ್ರ ಯಾರೂ ಹಾಕಲಿಲ್ಲ.

ಒಂದು ಬೆಳಿಗ್ಗೆ ಗಂಡ ಬಂದ. ಕೊಬ್ಬರಿ ವ್ಯಾಪಾರದವನು, ಮಾತು ಕಡಿಮೆ. ಕೆಟ್ಟವನಲ್ಲ, ಹಟಮಾರಿ. ಹಟದಲ್ಲಿ ನಾನೂ ಏನು ಕಮ್ಮಿ ಇರಲಿಲ್ಲ ಅನ್ನಿ. "ಅಮ್ಮನಿಗೆ ಮಂಡಿ ನೋವು, ಒಲೆ ಮುಂದೆ ಕೂರೋಕಾಗಲ್ಲ. ಮನೆ ನಡೆಯೋದು ಹೆಂಗೆ? ಇವತ್ತೇ ಹೊರಡು," ಅಂದ. ಅಪ್ಪನನ್ನು ತೋರಿಸಿದೆ. ಅವನು ಅಪ್ಪನನ್ನು ನೋಡಿದ, ನೋಡಿ ತಲೆ ತಿರುಗಿಸಿಕೊಂಡ. ಮಾತಿಗೆ ಮಾತು ಬೆಳೆದು ಕೊನೆಗೆ, "ಹಂಗಾದ್ರೆ ಮಗೂನ ಕೊಡು. ನೀನು ಯಾವಾಗ ಬಂದ್ರೂ ಸರಿ. ಆದ್ರೆ ಬಂದ್ರೆ ಇರೋಕೆ ಬಾ, ನೋಡ್ಕೊಂಡು ಹೋಗೋಕೆ ಬರಬೇಡ," ಅಂದ.

ನಾನು ಕೂಗಾಡಿದೆ, ಊರವರು ಸೇರಿದರು. ಅರಳಿಕಟ್ಟೆಯ ಮೇಲೆ ನಾಲ್ಕು ಜನ ಹಿರಿಯರು ಕೂತರು. ಹೆಂಗಸರ ವಿಷಯವಾದ್ದರಿಂದ ಸೂಲಗಿತ್ತಿ ಅಜ್ಜಿಯನ್ನೂ ಕರೆಸಿದರು. ನನ್ನನ್ನೂ ಸೇರಿಸಿ ಅರ್ಧ ಊರಿನ ಹೊಕ್ಕುಳ ಬಳ್ಳಿ ಕತ್ತರಿಸಿದ ಕೈ ಅವಳದು. ಗಂಡಸರ ಮುಖಕ್ಕೆ ಹೊಡೆದಂತೆ ಮಾತಾಡುವವಳು. ಅವಳು ಬರುವುದು ಕಂಡು ನನಗೆ ಜೀವ ಬಂತು.

ಅವಳು ಎಲೆಯಡಿಕೆ ಉಗಿದು ಹೇಳಿದ್ದು ಇಷ್ಟು: "ಕರು ಕಟ್ಟಿದ್ರೆ ಹಸು ತಾನಾಗೇ ಮನೆಗೆ ಬತ್ತೈತೆ. ಮಗೀನ ಕೊಟ್ಟು ಕಳ್ಸಿ. ನಾಕು ದಿನ್ದಾಗೆ ಇವ್ಳೇ ಹಿಂದಿಂದೆ ಹೋಯ್ತಾಳೆ."

ಕಟ್ಟೆಯ ಮೇಲಿದ್ದವರೆಲ್ಲ ತಲೆಯಾಡಿಸಿದರು. ಆಡಿಸದೆ ಏನು ಮಾಡುತ್ತಾರೆ? ಕರುವನ್ನು ಕೊಟ್ಟಿಗೆಯಲ್ಲಿ ಕಟ್ಟಿ ಹಸುವನ್ನು ಮೇಯಲು ಬಿಡುವುದು ಎಲ್ಲರ ಮನೆಯ ಪದ್ಧತಿ. ಕಾಯುವವರಿಲ್ಲದಿದ್ದರೂ ಸಂಜೆ ಕೆಚ್ಚಲು ತುಂಬಿದ ಹಸು ಕೂಗಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಅದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೆ ಬೇಕು? ಹತ್ತು ನಿಮಿಷದಲ್ಲಿ ನ್ಯಾಯ ಮುಗಿಯಿತು. ಗಂಡನ ಹೆಗಲ ಮೇಲಿಂದ ಮಗಳು ನನ್ನ ಕಡೆ ಕೈಚಾಚಿ ಅಳುತ್ತ ಹೋದಳು.

ಹೋಗಬಹುದಿತ್ತು ನಾನು, ಮುಂದಿನ ಬಸ್ಸಿಗೇ ಹೋಗಬಹುದಿತ್ತು. ಹೋದರೆ ಅಪ್ಪ ತನ್ನ ಗಲೀಜಿನಲ್ಲಿ ತಾನೇ ಮಲಗಿ ಸಾಯುತ್ತಾನೆ. ಹೋಗದಿದ್ದರೆ ಮಗಳು ನನ್ನನ್ನು ಮರೆಯುತ್ತಾಳೆ. ಅತ್ತ ದರಿ, ಇತ್ತ ಪುಲಿ. ದೊಡ್ಡಿಯಲ್ಲಿದ್ದ ದನಗಳಿಗಾದರೂ ಇಂದಲ್ಲ ನಾಳೆ ರಶೀದಿ ಬರುತ್ತಿತ್ತು.

ಎದೆಹಾಲು ನ್ಯಾಯ ಕೇಳಿಕೊಂಡು ನಿಲ್ಲುವುದಿಲ್ಲ. ಹೊತ್ತು ಹೊತ್ತಿಗೆ ಕಟ್ಟಿಕೊಂಡು ಕಲ್ಲಾಗುತ್ತಿತ್ತು. ತುಳಿಯುವ ಜಾಗದಲ್ಲಿ ಚೆಲ್ಲಬಾರದೆಂದು ಹಿತ್ತಲಿನ ನುಗ್ಗೆ ಮರದ ಬುಡಕ್ಕೆ ಹೋಗಿ ಹಿಂಡಿ ಬರುತ್ತಿದ್ದೆ. ದಿನಕ್ಕೆ ಮೂರು ಸಲ, ಇಪ್ಪತ್ತು ದಿನ. ಅಜ್ಜಿಗೆ ಹಾಕಿದಷ್ಟು ಶಾಪವನ್ನು ನಾನು ಗಂಡನಿಗೂ ಹಾಕಲಿಲ್ಲ. ಗಂಡ ಗಂಡಸು, ಅವನಿಗೆ ಗೊತ್ತಾಗಲಿಲ್ಲ. ಇವಳಿಗೇನಾಗಿತ್ತು?

ಹೀಗಿರುವಾಗ ಒಂದು ಶನಿವಾರ ಬೆಳಿಗ್ಗೆ ಯಾರೋ ರಾಗಿ ಹೊಲದಿಂದ ಹೊಡೆದುಕೊಂಡು ಬಂದ ಒಂದು ಕಂದು ಹಸುವನ್ನು ದೊಡ್ಡಿಗೆ ನೂಕಿ ಹೋದರು. ಕೊಂಬಿನ ಮೇಲಿದ್ದ ಅರಿಸಿನದ ಗುರುತು ನೋಡಿಯೇ ತಿಳಿಯಿತು, ಅಜ್ಜಿಯ ಹಸು. ಈದು ಎಂಟು ದಿನವಾಗಿತ್ತು. ಕರುವನ್ನು ಎಂದಿನಂತೆ ಮನೆಯಲ್ಲಿ ಕಟ್ಟಿ ಹಸುವನ್ನು ಮೇಯಲು ಬಿಟ್ಟಿದ್ದಳು ಮಹಾತಾಯಿ.

ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಮಾಡಿದ್ದುಣ್ಣೋ ಮಹರಾಯ ಅಂದುಕೊಂಡೆ, ಬೀಗ ಜಡಿದು ಎರಡು ಸಲ ಎಳೆದು ನೋಡಿದೆ. ರಶೀದಿ ಪುಸ್ತಕ ಇಟ್ಟುಕೊಂಡಿದ್ದ ಪಂಚಾಯಿತಿ ಗುಮಾಸ್ತ ಬೇಲೂರಿಗೆ ಹೋಗಿದ್ದ. ಸೋಮವಾರದ ತನಕ ಬರುವುದಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು.

ಸ್ವಲ್ಪ ಹೊತ್ತಿಗೆ ಅಜ್ಜಿ ಬಂದಳು. ಗೇಟಿನ ಮುಂದೆ ನಿಂತು, "ಬಿಡವ್ವ ಹಸೀನ. ಕರ ಎಳೇದು. ಸೋಮಾರ ದಂಡ ಕಟ್ತೀನಿ," ಅಂದಳು.

"ರಶೀದಿ ತಗೊಂಬಾ, ಬಿಡ್ತೀನಿ."

"ಗುಮಾಸ್ತ ಊರಾಗಿಲ್ಲ ಕಣೇ."

"ಅದಕ್ಕೆ ನಾನೇನು ಮಾಡ್ಲಿ ಅಜ್ಜಿ? ಕರು ಕಟ್ಟಿದೀಯಲ್ಲ. ಹಸು ತಾನಾಗೇ ಬತ್ತೈತೆ ಬಿಡು."

ಅವಳ ಮುಖ ಇಳಿಯಿತು. ಮಾತು ಎಲ್ಲಿಂದ ಬಂತು ಅಂತ ಅವಳಿಗೆ ಅರ್ಥವಾಗಿತ್ತು. ಹೊರಟುಹೋದಳು. ನಾನು ಗೆದ್ದೆ ಅಂತ ಒಳಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಕೆಲಸದ ಭಯ ಇದ್ದದ್ದು ನಿಜ. ಆದರೆ ಅದು ಅರ್ಧ, ಉಳಿದರ್ಧ ಹೊಟ್ಟೆಯುರಿ.

ಮಧ್ಯಾಹ್ನಕ್ಕೆ ಹಸು ಕೂಗಲು ಶುರುಮಾಡಿತು. ಗೇಟಿಗೆ ಬಂದು ಕೂಗುವುದು, ಗೋಡೆಯುದ್ದಕ್ಕೂ ನಡೆದು ಮತ್ತೆ ಗೇಟಿಗೆ ಬರುವುದು. ಊರಿನ ಆ ತುದಿಯಿಂದ ಕರುವಿನ ಕೂಗು ಕೇಳಿಸುತ್ತಿತ್ತು, ಸಣ್ಣ ದನಿ. ಒಂದು ಕೂಗಿದರೆ ಇನ್ನೊಂದು ಓಗೊಡುವುದು. ನಾನು ಆ ಸದ್ದಿಗೆ ಕಿವಿ ಕೊಡಬಾರದೆಂದು ಸುಮ್ಮಸುಮ್ಮನೆ ಪಾತ್ರೆ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ.

ಹುಲ್ಲು ಹಾಕುವ ಹೊತ್ತಾಯಿತು. ಅವತ್ತು ಒಳಗೆ ಐದು ದನ ಇದ್ದವು, ಆರು ಗುಡ್ಡೆ ಹಾಕಿದೆ. ಒಂದೂ ಬಾಯಿ ಹಾಕಲಿಲ್ಲ. ಎಲ್ಲವೂ ಆ ಹಸುವಿನ ಕಡೆಗೆ ಮುಖ ಮಾಡಿ, ಕಿವಿ ನಿಮಿರಿಸಿ ನಿಂತಿದ್ದವು. ಅವುಗಳಲ್ಲಿ ಒಂದು ಹೋರಿ. ಹಾಯುವ ಹೋರಿ ಅಂತ ಮೂರು ಊರಿಗೆ ಹೆಸರಾದದ್ದು, ನಾನೇ ಅದಕ್ಕೆ ಗೋಡೆಯ ಮೇಲಿಂದ ಹುಲ್ಲೆಸೆಯುತ್ತಿದ್ದೆ. ಅದು ಹಸುವಿನ ಪಕ್ಕಕ್ಕೆ ಹೋಯಿತು. ಹಾಯುತ್ತದೆ ಅಂತ ನಾನು ಕೋಲು ತೆಗೆದುಕೊಂಡೆ. ಅದು ಹಸುವಿನ ಕುತ್ತಿಗೆ ನೆಕ್ಕತೊಡಗಿತು. ಹಸು ನಡೆದರೆ ಅದೂ ನಡೆಯುವುದು, ನಿಂತರೆ ನಿಂತು ನೆಕ್ಕುವುದು.

"ತಿನ್ರೋ! ನಿಮ್ಮಪ್ಪನ ಮನೆ ಗಂಟೇನು ಹೋಗುತ್ತೆ?" ಅಂತ ಗದರಿದೆ. ಯಾರ ಮೇಲೆ ಸಿಟ್ಟು ಅಂತ ನನಗೇ ತಿಳಿಯಲಿಲ್ಲ. ಅರಳಿಕಟ್ಟೆಯ ಮೇಲೆ ನನ್ನ ಮಗಳು ಕೈಚಾಚಿ ಅಳುವಾಗ ಸೇರಿದ ಜನರಲ್ಲಿ ಒಬ್ಬರೂ ಎದ್ದು ನನ್ನ ಪಕ್ಕಕ್ಕೆ ಬಂದು ನಿಂತಿರಲಿಲ್ಲ. ನ್ಯಾಯ ಹೇಳಲು ಬಾಯಿ ಬೇಕು ಅಂದುಕೊಂಡವರು ಅವರೆಲ್ಲ. ಈ ಹೋರಿಗೆ ಯಾವ ಗಾದೆಯೂ ಗೊತ್ತಿರಲಿಲ್ಲ. ಕೂಗುವವಳ ಪಕ್ಕದಲ್ಲಿ ನಿಲ್ಲಬೇಕು ಅನ್ನುವುದೊಂದು ಗೊತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಕರುವಿನ ಕೂಗು ಹತ್ತಿರಕ್ಕೆ ಬಂತು. ನೋಡಿದರೆ ಅಜ್ಜಿ ಕರುವನ್ನು ಹೆಗಲ ಮೇಲೆ ಹೊತ್ತುಕೊಂಡು, ಏದುಸಿರು ಬಿಡುತ್ತ ಬರುತ್ತಿದ್ದಾಳೆ. ಗೇಟಿನ ಮುಂದೆ ಇಳಿಸಿದಳು. ಕರು ಒಂದು ಸಲ ಕೂಗಿತು ನೋಡಿ, ನನ್ನ ಎದೆಯೊಳಗೆ ಸೂಜಿ ಚುಚ್ಚಿದಂತಾಗಿ ಹಾಲು ತಾನಾಗಿ ಇಳಿಯಿತು. ತಡೆಯಲಾಗಲಿಲ್ಲ. ರವಿಕೆ ಎರಡೂ ಕಡೆ ಒದ್ದೆಯಾಯಿತು, ಸೆರಗು ಎಳೆದುಕೊಂಡರೆ ಸೆರಗೂ ಒದ್ದೆಯಾಯಿತು. ನನ್ನ ಬಾಯಿ ಬೆಳಿಗ್ಗೆಯಿಂದ ಏನೇನೋ ಆಡಿತ್ತು. ಮೈ ಒಂದು ಮಾತೂ ನನ್ನನ್ನು ಕೇಳದೆ ಆ ಕರುವಿನ ಪಕ್ಷ ಸೇರಿತು. ಹಸುವಿನ ಕರು ಯಾವುದು, ನನ್ನ ಮಗು ಯಾವುದು ಅನ್ನುವ ಭೇದ ಆ ಹಾಲಿಗೆ ಇರಲಿಲ್ಲ. ನನಗೆ ನನ್ನ ಮೇಲೇ ನಾಚಿಕೆಯಾಯಿತು.

ಬೀಗ ತೆಗೆಯುವ ಧೈರ್ಯ ಮಾತ್ರ ಬರಲಿಲ್ಲ. ಕೀಲಿ ಕೈಯಲ್ಲೇ ಇತ್ತು, ಒಳಗೆ ಅಪ್ಪ ಮಲಗಿದ್ದ. ಎರಡು ಹೆಜ್ಜೆ ಹೋದೆ, ನಿಂತೆ.

ಅಷ್ಟರಲ್ಲಿ ಹಸುವೇ ದಾರಿ ಹುಡುಕಿಕೊಂಡಿತು. ಗೇಟಿಗೆ ಅಡ್ಡಡ್ಡ ಬಂದು, ತನ್ನ ಪಕ್ಕೆಯನ್ನು ಕಂಬಿಗಳಿಗೆ ಒತ್ತಿ ನಿಂತಿತು. ಕಂಬಿಗಳ ಸಂದು ಕರುವಿನ ತಲೆ ಕಿವಿಯ ತನಕ ತೂರುವಷ್ಟು. ಕರು ಮೂತಿ ತೂರಿಸಿ ತಡಕಾಡಿತು, ಒಂದೆರಡು ಸಲ ಕಂಬಿಗೆ ಗುದ್ದಿಕೊಂಡಿತು, ಆಮೇಲೆ ಮೊಲೆ ಸಿಕ್ಕಿತು. ಬಾಲ ಅಲ್ಲಾಡಿಸುತ್ತ ಕುಡಿಯಿತು. ಈ ಕಡೆಯ ಎರಡು ಮೊಲೆ ಬರಿದಾದ ಮೇಲೆ ಹಸು ಸುಮ್ಮನೆ ಹಿಂದೆ ಸರಿದು, ಅರ್ಧ ಸುತ್ತು ತಿರುಗಿ, ಇನ್ನೊಂದು ಪಕ್ಕೆಯನ್ನು ಕಂಬಿಗೆ ಹಚ್ಚಿ ನಿಂತಿತು. ಯಾರೂ ಅದಕ್ಕೆ ಹೇಳಿಕೊಟ್ಟಿರಲಿಲ್ಲ.

ಅಜ್ಜಿ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದಳು. ಹಾಲು ಕರೆಯುವಾಗ ಕರುವಿಗೆ ಎರಡು ಮೊಲೆ, ಮನೆಗೆ ಎರಡು ಮೊಲೆ ಅನ್ನುವುದು ಅವಳ ಕಟ್ಟುನಿಟ್ಟು. ಮನೆಗೆ ನೆಂಟರು ಬಂದರೂ ಕರುವಿನ ಪಾಲಿಗೆ ಕೈ ಹಾಕುತ್ತಿರಲಿಲ್ಲ. ಅವತ್ತು ನಾಲ್ಕೂ ಮೊಲೆ ಕರುವಿಗೇ ಹೋಗುವುದನ್ನು ನೋಡಿ ಏನಾದರೂ ಅನ್ನುತ್ತಾಳೇನೋ ಅಂತ ನಾನು ತಿರುಗಿದೆ. ಅವಳು ನೋಡುತ್ತಿದ್ದದ್ದು ಕರುವನ್ನಲ್ಲ, ನನ್ನ ರವಿಕೆಯನ್ನು.

"ಹಾಲು ಇನ್ನೂ ಇಂಗಿಲ್ವೇನೇ?" ಅಂದಳು.

ನನಗೆ ಅಳು ಬಂತು. ತಲೆಯಾಡಿಸಿದೆ.

"ಇಪ್ಪತ್ತು ದಿನಾಯ್ತು. ಏನ್ ಮಾಡ್ತೀಯ?"

"ನುಗ್ಗೆ ಗಿಡಕ್ಕೆ."

ಕರು ಹೊಟ್ಟೆ ತುಂಬಿ ಅಜ್ಜಿಯ ಕಾಲ ಬಳಿ ಮಲಗಿತು. ಅದರ ಮೂತಿಯ ನೊರೆ ಒರೆಸಿ, "ಕರು ಕಟ್ಟಿದ್ರೆ ಹಸು ಬತ್ತೈತೆ ಅಂದಿದ್ದು ಸುಳ್ಳಲ್ಲ ಕಣೇ," ಅಂದಳು. "ಹಸೀನೂ ಯಾರಾದ್ರೂ ಕೂಡಾಕಿರ್ಬೋದು ಅಂತ ನಂಗೆ ಹೊಳೀಲೇ ಇಲ್ಲ. ತಪ್ಪು ನಂದು. ನಿಮ್ಮಪ್ಪನ್ನ ನೋಡ್ಕೊಳಾಕೆ ನಾ ಬತ್ತೀನಿ. ನೀ ಹೋಗಿ ಮಗೀಗೆ ಹಾಲು ಕೊಟ್ಟು ಬಾ. ಹೋಗೋ ದಿನ ಹಿಂಡಬ್ಯಾಡ, ಹಂಗೇ ಹೋಗು."

ಭಾನುವಾರ ಪೂರ್ತಿ ಕರು ಕಂಬಿಯಲ್ಲೇ ಕುಡಿಯಿತು. ಸೋಮವಾರ ರಶೀದಿ ಬಂತು, ಬೀಗ ತೆಗೆದೆ. ಬುಧವಾರ ಬೆಳಿಗ್ಗೆ ಅಜ್ಜಿ ತನ್ನ ಎಲೆಯಡಿಕೆ ಚೀಲದ ಸಮೇತ ಬಂದು ಅಪ್ಪನ ತಲೆದೆಸೆಯಲ್ಲಿ ಕೂತಳು. ಕೀಲಿಯನ್ನು ಅವಳ ಕೈಗೆ ಕೊಟ್ಟು ನಾನು ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿದೆ.

ಹಿಂಡದೆ ಹೊರಟಿದ್ದೆನಲ್ಲ, ದಾರಿಯುದ್ದಕ್ಕೂ ಎದೆ ಸಿಡಿಯುತ್ತಿತ್ತು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಕಣ್ಣಿಗೆ ಕತ್ತಲೆ. ನೋವಿಗಿಂತ ಹೆಚ್ಚಾಗಿ ಒಂದೇ ಹೆದರಿಕೆ, ಮಗಳು ನನ್ನನ್ನು ಮರೆತಿದ್ದರೆ?

ಅರಸೀಕೆರೆಯಲ್ಲಿ ಗಂಡ ಕೊಬ್ಬರಿ ಮಂಡಿಗೆ ಹೋಗಿದ್ದ. ಮನೆಯ ಬಾಗಿಲಿಗೆ ಒಳಗಿಂದ ಅಗುಳಿ ಹಾಕಿತ್ತು. ಕರೆದೆ. ಅತ್ತೆ ಜಗಲಿಯ ಕಿಟಕಿಗೆ ಬಂದರು. ಬಾಗಿಲಿಗೆ ಬರಲಿಲ್ಲ.

"ಇರೋಕೆ ಬಂದ್ಯಾ?" ಅಂದರು.

"ಇಲ್ಲ ಅತ್ತೆ. ಅಪ್ಪ ಹಾಗೇ ಇದಾರೆ. ಹಾಲು ಕೊಟ್ಟು ಹೋಗ್ತೀನಿ."

"ಅವನು ಬಾಗಿಲು ತೆಗೀಬೇಡ ಅಂದಿದಾನಮ್ಮ. ನಾನೇನು ಮಾಡ್ಲಿ?"

ನಾನು ಗುಮಾಸ್ತನನ್ನು ನೆಪ ಮಾಡಿಕೊಂಡು ಅಜ್ಜಿಗೆ ಹೇಳಿದ್ದೂ ಇದೇ ಮಾತು. ಸಿಟ್ಟು ಮಾಡಲು ನನಗೆ ಬಾಯಿಯೇ ಉಳಿದಿರಲಿಲ್ಲ. ಅಲ್ಲೇ ನಿಂತೆ. ಒಳಗೆ ತೊಟ್ಟಿಲಲ್ಲಿ ಮಗಳು ನನ್ನ ದನಿ ಕೇಳಿ ಎದ್ದಳೋ ಏನೋ, ಅಳತೊಡಗಿದಳು. ಅಷ್ಟೇ ಸಾಕಾಯಿತು. ರವಿಕೆ ತೊಯ್ದು ಹೊಟ್ಟೆಯ ಮೇಲೆ ಇಳಿಯಿತು. ಅತ್ತೆ ಅದನ್ನು ನೋಡಿದರು. ಮೂರು ಮಕ್ಕಳನ್ನು ಹೆತ್ತವರು, ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ. ಮಂಡಿ ಹಿಡಿದುಕೊಂಡು ಒಳಗೆ ಹೋಗಿ ಮಗುವನ್ನು ತಂದು, ಕಿಟಕಿಯ ಕಂಬಿಗೆ ಹಿಡಿದರು.

ಕಿಟಕಿಗೂ ಜಗಲಿಯ ಕಂಬಕ್ಕೂ ನಡುವೆ ಒಬ್ಬರು ಪಕ್ಕಕ್ಕೆ ತಿರುಗಿ ನಿಲ್ಲುವಷ್ಟೇ ಜಾಗ. ನಾನು ಅಡ್ಡಡ್ಡ ತೂರಿಕೊಂಡು ಎಡಗಡೆಯನ್ನು ಕಂಬಿಗೆ ಒತ್ತಿದೆ. ಮಗಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಬಾಯಿ ಹಾಕಿದಳು. ಕಂಬಿಯ ಸಂದಿನಿಂದ ಒಂದು ಪುಟ್ಟ ಕೈ ಬಂದು ನನ್ನ ತಾಳಿ ಹಿಡಿದುಕೊಂಡಿತು. ನಾನು ಗಟ್ಟಿಯಾಗಿ ಅಳತೊಡಗಿದೆ, ಬೀದಿಯಲ್ಲಿ ಹೋಗುವವರು ನೋಡಲಿ ಅಂತ ಬಿಟ್ಟೆ. ಅತ್ತೆ ನೋಯುವ ಮಂಡಿಯ ಮೇಲೆ ಅಲುಗಾಡದೆ ನಿಂತು ಮಗುವನ್ನು ಹಿಡಿದೇ ಇದ್ದರು.

ಒಂದು ಕಡೆ ಬರಿದಾಯಿತು. ಮಗಳು ಬಾಯಿ ಬಿಟ್ಟು ಮುಖ ಕಿವುಚಿದಳು.

"ಆ ಕಡೇದು?" ಅಂದರು ಅತ್ತೆ.

ತಿರುಗಲು ನೋಡಿದೆ. ಬೆನ್ನಿಗೆ ಕಂಬ ಅಡ್ಡ ಬಂತು. "ಇಲ್ಲಿ ತಿರುಗೋಕೆ ಆಗಲ್ಲ ಅತ್ತೆ," ಅಂದೆ.

ಅವರು ನನ್ನ ಇನ್ನೊಂದು ಮಗ್ಗುಲಿನ ಒದ್ದೆಯನ್ನು ನೋಡಿದರು, ಮಗುವಿನ ಬಾಯನ್ನು ನೋಡಿದರು. ಮಗುವನ್ನು ಸೊಂಟಕ್ಕೇರಿಸಿಕೊಂಡು ಒಳಗೆ ಹೋದರು. ಮುಗಿಯಿತು ಅಂದುಕೊಂಡೆ. ಅಗುಳಿ ಎಳೆಯುವ ಸದ್ದು ಕೇಳಿಸಿತು.

ಬಾಗಿಲು ತೆರೆದಿತ್ತು, ನಾನು ಒಳಗೆ ಕಾಲಿಡಲಿಲ್ಲ. ಇಟ್ಟರೆ ಮುಚ್ಚಿದರೆ? ಅಪ್ಪ ಅಲ್ಲಿ, ನಾನು ಇಲ್ಲಿ. ಹೊಸ್ತಿಲಾಚೆಯೇ ನಿಂತು ಕೈಚಾಚಿದೆ. ಅತ್ತೆ ನನ್ನ ಮುಖ ನೋಡಿದರು. ದೊಡ್ಡಿಯವನ ಮಗಳ ಭಯ ಅವರಿಗೆ ತಿಳಿದದ್ದು ಹೇಗೋ ನಾನರಿಯೆ. ಮೊಳದುದ್ದದ ಆ ಮರದ ಅಗುಳಿಯನ್ನು ಗೋಡೆಯ ತೂತಿನಿಂದ ಪೂರ್ತಿ ಹೊರಕ್ಕೆಳೆದು ನನ್ನ ಕೈಗೆ ಕೊಟ್ಟರು.

"ಇದನ್ನ ನಿನ್ನ ಹತ್ರಾನೇ ಇಟ್ಕೊ. ಬಾ, ಕೂತ್ಕೊಂಡು ಕೊಡು," ಅಂದರು. "ಆಮೇಲೆ ಮಗೂನ ಕರ್ಕೊಂಡು ಹೋಗು. ಅವನಿಗೆ ನಾನು ಹೇಳ್ಕೋತೀನಿ."

ಅವರು ಮಗನಿಗೆ ಏನು ಹೇಳಿದರು ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ. ಅವನು ಮತ್ತೆ ಮಗುವನ್ನು ಕೇಳಿಕೊಂಡು ಬರಲಿಲ್ಲ. ತಿಂಗಳಿಗೊಮ್ಮೆ ಕೊಬ್ಬರಿ, ಬೆಲ್ಲ ಹಿಡಿದುಕೊಂಡು ನೋಡಲು ಬರುತ್ತಿದ್ದ. ಅವತ್ತು ನಾನು ಹೊಸ್ತಿಲೊಳಗೆ ನೆಲದ ಮೇಲೆ ಕೂತು, ಅಗುಳಿಯನ್ನು ಪಕ್ಕದಲ್ಲಿಟ್ಟುಕೊಂಡು, ಮಗಳಿಗೆ ಇನ್ನೊಂದು ಕಡೆಯ ಪಾಲನ್ನು ಕುಡಿಸಿದೆ.